ಕಬ್ಬೂರಿನ ಲಕ್ಷ್ಮಿಬಾಯಿ ಕೊಟ್ಟ ಒಪ್ಪಿಗೆ

ತೂಕದ ಯಂತ್ರ ನಲವತ್ತಾರೂವರೆ ಕಿಲೋ ತೋರಿಸಿತು. ಯಂತ್ರ ಕೆಟ್ಟಿರಬೇಕೆಂದು ಲಕ್ಷ್ಮಿಬಾಯಿಯವರನ್ನು ಇಳಿಸಿ ನಾನೇ ಒಮ್ಮೆ ಹತ್ತಿ ನೋಡಿದೆ. ನನ್ನ ತೂಕ ಎಂದಿನಷ್ಟೇ ಇತ್ತು. ಅವರನ್ನು ಮತ್ತೆ ಹತ್ತಿಸಿದೆ. ಮತ್ತೆ ನಲವತ್ತಾರೂವರೆ. ಏಳು ವಾರಗಳ ಹಿಂದೆ, ನವೆಂಬರ್ ಹದಿನಾಲ್ಕರ ಗುರುವಾರ, ಇದೇ ಯಂತ್ರದ ಮೇಲೆ ಅವರು ಐವತ್ನಾಲ್ಕು ಕಿಲೋ ಇದ್ದರೆಂದು ಕಡತದಲ್ಲಿ ನನ್ನದೇ ಕೈಬರಹವಿತ್ತು.

“ಅಕ್ಕಾರ, ಊಟ ಬರೋಬರಿ ಆಗಾಕತ್ತೈತೇನ್ರಿ?” ಎಂದು ಕೇಳಿದೆ.

ಅವರು ಸೆರಗು ಸರಿಪಡಿಸಿಕೊಂಡು ಬಹಳ ಸಹಜವಾಗಿ ಹೇಳಿದರು: “ಉಣ್ಣೂ ದಿನ ಉಣ್ಣತೀನ್ರಿ ಬಾಯಾರ.”

“ಉಣ್ಣೂ ದಿನ ಅಂದ್ರ?”

ಉತ್ತರ ಬಂದದ್ದು ಬಾಗಿಲ ಬಳಿಯಿಂದ. ಅಲ್ಲಿ ಅವರ ಸೊಸೆ ಕೋಮಲ ಚೀಲ ಹಿಡಿದು ನಿಂತಿದ್ದಳು. “ನಿನ್ನಿ ಉಂಡಿಲ್ಲರಿ. ಇವತ್ತ ಇನ್ನೂ ಒಂದ ಹನಿ ನೀರ ಸೈತ ಕುಡದಿಲ್ಲ.”

“ಏ ಕೋಮಲ, ಸುಮ್ಮ ನಿಂದ್ರ ಬೇ.”

“ಏಳ ವಾರ ಸುಮ್ಮನ ನಿಂತೀನ್ರಿ ಅತ್ತಿ. ಇನ್ನ ನಿಂತರ ನಿಮ್ಮನ್ನ ಹೊತಗೊಂಡ ಹೋಗೂ ಪಾಳಿ ನಂಗ ಬರತೈತಿ.”

ನಾನು ಚಿಕ್ಕೋಡಿಯ ಒಂದು ಮನೋಸಲಹಾ ಕೇಂದ್ರದಲ್ಲಿ ಹನ್ನೊಂದು ವರ್ಷಗಳಿಂದ ಸಮಾಜಕಾರ್ಯಕರ್ತೆ. ಬಂದವರ ವಿವರ ಬರೆದುಕೊಳ್ಳುವುದು, ಯಾವ ಚಿಕಿತ್ಸೆ, ಅದರಿಂದ ಏನಾಗಬಹುದು ಎಂದು ತಿಳಿಸಿ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವುದು ನನ್ನ ಕೆಲಸ. ಲಕ್ಷ್ಮಿಬಾಯಿಯವರ ಸಹಿ ಪಡೆದವಳೂ ನಾನೇ. ಆ ಗುರುವಾರ, ಜನವರಿ ಎರಡರಂದು, ಆ ಕೋಣೆಯಲ್ಲಿ ಮುಂದೆ ತಿಳಿದುಬಂದದ್ದನ್ನು ಬರೆಯುವ ಮೊದಲು ಅವರು ಯಾರೆಂದು ಬರೆಯಬೇಕು.

ಲಕ್ಷ್ಮಿಬಾಯಿ ಅಕ್ಕೋಳದ ಒಂದು ಜೈನ ಒಕ್ಕಲು ಮನೆಯ ಹಿರಿಯ ಮಗಳು. ಆ ಮನೆಯವರಿಗೆ ತಂಬಾಕಿನ ಹೊಲವಿತ್ತು. ಏಳನೆಯ ಇಯತ್ತೆಯವರೆಗೆ ಓದಿ, ಹತ್ತೊಂಬತ್ತಕ್ಕೆ ಕಬ್ಬೂರಿನ ಶ್ರೀಪಾಲರನ್ನು ಮದುವೆಯಾಗಿ ಬಂದರು. ಈಗ ಐವತ್ತೆರಡು. ನಾಲ್ಕು ಎಮ್ಮೆಗಳ ಹಾಲು ಹಿಂಡಿ ಡೇರಿಗೆ ಹಾಕಿ ಬಂದ ಮೇಲೆಯೇ ಅವರ ಮನೆಯಲ್ಲಿ ಉಳಿದವರು ಏಳುತ್ತಾರೆ. ಓಣಿಯ ಹೆಂಗಸರು ಪರಊರಿಗೆ ಹೋಗುವಾಗ ಮನೆಯ ಕೀಲಿಯನ್ನು ಅವರ ಕೈಗೆ ಕೊಟ್ಟು ಹೋಗುತ್ತಾರೆ. ಅವರು ಒಮ್ಮೆ ಹೇಳಿದ ಮಾತು ಹೇಳಿದಂತೆಯೇ ನಡೆಯುತ್ತದೆಂಬುದು ಊರಿಗೆಲ್ಲ ಗೊತ್ತು. ಒಂದು ವರ್ಷ ಜೈನ ಮುನಿ ಮಹಾರಾಜರು ಊರಿಗೆ ಬಂದಾಗ, ಲಕ್ಷ್ಮಿಬಾಯಿ ಅವರಿಂದ ಹನ್ನೆರಡು ತಿಂಗಳು ಬೆಲ್ಲ ಸಕ್ಕರೆ ಬಿಡುವ ನೇಮ ತೆಗೆದುಕೊಂಡರಂತೆ. ಅದೇ ವರ್ಷ ಮಗ ಅಭಿನಂದನನ ಮದುವೆ. ಅಂಗಳದಲ್ಲಿ ಮೂರು ದಿನ ಬುಂದಿ ಕರಿದರು. ಬಂದವರಿಗೆಲ್ಲ ತಾವೇ ನಿಂತು ಬಡಿಸಿದರು. ಒಂದು ಕಾಳು ಬಾಯಿಗೆ ಹಾಕಲಿಲ್ಲ. ಇನ್ನೊಂದು ವರ್ಷ ಮಳೆಗಾಲದ ನಾಲ್ಕು ತಿಂಗಳು ಚಪ್ಪಲಿ ಬಿಟ್ಟಿದ್ದರು. ಎರೆಮಣ್ಣಿನ ಹೊಲದಲ್ಲಿ ಬರಿಗಾಲಲ್ಲಿ ಕಳೆ ತೆಗೆದರು.

ಇವನ್ನೆಲ್ಲ ಕೋಮಲ ನನಗೆ ಹೇಳಿದ್ದು ಆಮೇಲೆ. ಮೊದಲ ದಿನ ಅರ್ಜಿಯ ಧರ್ಮದ ಕಾಲಮ್ಮಿನಲ್ಲಿ ‘ಜೈನ’ ಎಂದು ಬರೆದು ನಾನು ಮುಂದಿನ ಸಾಲಿಗೆ ಹೋಗಿದ್ದೆ. ನಮ್ಮ ಮನೆಯ ಗೋಡೆಗೆ ಗೋಡೆ ಹಚ್ಚಿ ಜೈನರ ಮನೆ. ಹೊತ್ತು ಮುಳುಗುವ ಮೊದಲು ಅವರ ಅಡುಗೆಮನೆ ಶಾಂತವಾಗುವುದನ್ನು ಹುಟ್ಟಿದಾಗಿನಿಂದ ಕಂಡವಳು. ಗೊತ್ತಿದೆ ಎಂದುಕೊಂಡೇ ಏನನ್ನೂ ಕೇಳಲಿಲ್ಲ.

ಅವರು ನಮ್ಮಲ್ಲಿಗೆ ಬಂದದ್ದು ತಂಗಿಯ ಸಾವಿನ ಕಾರಣದಿಂದ. ಹಿಂದಿನ ಫೆಬ್ರವರಿಯಲ್ಲಿ ಅಕ್ಕ-ತಂಗಿ ಇಬ್ಬರೂ ಚಿಕ್ಕೋಡಿಗೆ ಸೀರೆ ತರಲು ಬಂದಿದ್ದರು. ಮರಳಿ ಹೋಗುವಾಗ ಸ್ಕೂಟಿ ನಡೆಸುತ್ತಿದ್ದವಳು ತಂಗಿ ಶೇವಂತಾ. ಆಗಷ್ಟೇ ಕತ್ತಲಾಗಿತ್ತು. ಕಬ್ಬು ತುಂಬಿದ ಎರಡು ಟ್ರಾಲಿಗಳ ಟ್ರ್ಯಾಕ್ಟರ್ ಹಿಂದೆ ದೀಪವಿಲ್ಲದೆ ರಸ್ತೆಯ ಮೇಲೆಯೇ ನಿಂತಿತ್ತು. ಸ್ಕೂಟಿ ಅದರ ಹಿಂಬದಿಗೆ ಬಡಿಯಿತು. ಶೇವಂತಾ ಅಲ್ಲೇ ತೀರಿಕೊಂಡಳು. ಲಕ್ಷ್ಮಿಬಾಯಿಯವರಿಗೆ ಕಾಲಿನ ಎಲುಬು ಮುರಿದು ಏಳಲಾಗಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳಲ್ಲಿ ದೊಡ್ಡ ಸ್ಪೀಕರ್ ಕಟ್ಟಿ ಹಾಡು ಹಚ್ಚುವುದು ನಮ್ಮ ಕಡೆಯ ರೂಢಿ. ಆ ಟ್ರ್ಯಾಕ್ಟರಿನ ಹಾಡು ನಿಂತಿರಲಿಲ್ಲ. ಜನ ಸೇರಿದರು, ನೀರು ತಂದರು, ಫೋನು ಮಾಡಿದರು. ಹಾಡು ನಿಲ್ಲಿಸಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ತಂಗಿಯ ಕೈ ಹಿಡಿದು ಮಲಗಿದಲ್ಲೇ ಒಂದು ಹಾಡು ಮುಗಿದು ಇನ್ನೊಂದು ಸುರುವಾಗುವುದನ್ನು ಅವರು ಕೇಳಿದರು.

ಮುಂದಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳು ಸುರುವಾಗಿ ಟ್ರ್ಯಾಕ್ಟರುಗಳು ಮತ್ತೆ ಓಡತೊಡಗಿದಾಗ ಅವರ ನಿದ್ದೆ ಹೋಯಿತು. ರಸ್ತೆಯಲ್ಲಿ ಹಾಡು ಕೇಳಿಸಿದರೆ ಎಮ್ಮೆ ಹಿಂಡುವ ಕೈ ಅಲ್ಲೇ ನಿಲ್ಲುತ್ತಿತ್ತು. ಕೋಮಲ ಕರೆದುಕೊಂಡು ಬಂದಳು.

ಚಿಕಿತ್ಸಕಿ ಮೇಘಾ ನಿಪ್ಪಾಣಿಯವಳು. ಪುಣೆಯಲ್ಲಿ ಕಲಿತು ಬಂದವಳು, ವಯಸ್ಸು ಮೂವತ್ತೊಂದು, ಕೆಲಸದಲ್ಲಿ ಪ್ರಾಮಾಣಿಕಳು. ಇಂಥ ಆಘಾತಕ್ಕೆ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸಿ ಒಪ್ಪಿದ ಒಂದು ಮಾತಿನ ಚಿಕಿತ್ಸೆಯಿದೆ. ನಡೆದದ್ದನ್ನು ಕಣ್ಣು ಮುಚ್ಚಿ, ಈಗಲೇ ನಡೆಯುತ್ತಿರುವಂತೆ, ಮೊದಲಿನಿಂದ ಕೊನೆಯವರೆಗೆ ಬಾಯಿಬಿಟ್ಟು ಹೇಳಬೇಕು. ಅದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಮನೆಯಲ್ಲಿ ದಿನಾ ಒಮ್ಮೆ ಕೇಳಬೇಕು. ಎಷ್ಟು ಸಂಕಟವಾಯಿತೆಂದು ಸೊನ್ನೆಯಿಂದ ನೂರರೊಳಗೆ ಒಂದು ಸಂಖ್ಯೆ ಬರೆಯಬೇಕು. ಮೊದಮೊದಲು ಸಂಕಟ ಏರುತ್ತದೆ; ಕೇಳುತ್ತ ಕೇಳುತ್ತ ಭಯ ತನ್ನ ಬಲ ಕಳೆದುಕೊಳ್ಳುತ್ತದೆ. ಹೆಚ್ಚಿನವರಿಗೆ ಗುಣ ಕಂಡಿದೆ. ನಮ್ಮಲ್ಲೇ ನಾಲ್ವರಿಗೆ ಕಂಡಿತ್ತು.

ಇಂಥ ಕಠಿಣ ಚಿಕಿತ್ಸೆಗೆ ಒಪ್ಪಿಗೆ ಪಡೆಯುವಾಗ ‘ಅರ್ಥವಾಯಿತೇ’ ಎಂದು ಕೇಳಬಾರದೆಂದು ನನಗೆ ತರಬೇತಿಯಲ್ಲಿ ಕಲಿಸಿದ್ದರು. ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಅವರ ಬಾಯಿಂದಲೇ ಹೇಳಿಸಬೇಕು. ಲಕ್ಷ್ಮಿಬಾಯಿಯವರಿಗೆ ನಿಮ್ಮ ಮಾತಿನಲ್ಲಿ ಹೇಳಿರೆಂದಾಗ ಅವರು ಸುಮ್ಮನೆ ಕುಳಿತರು. ಆದ್ದರಿಂದ ಒಂದೊಂದೇ ವಾಕ್ಯವನ್ನು ನಾನು ಹೇಳಿ, ಅವರಿಂದ ಹೇಳಿಸಿದೆ. ನಡೆದದ್ದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ದಿನಾಲು ಕೇಳಬೇಕಾಗುತ್ತದೆ. ವಾರಕ್ಕೊಂದರಂತೆ ಹನ್ನೆರಡು ಭೇಟಿಗಳಿರುತ್ತವೆ. ಸಂಕಟ ಹೆಚ್ಚಬಹುದು. ಯಾವಾಗ ಬೇಡವೆನಿಸಿದರೂ ನಿಲ್ಲಿಸಬಹುದು. ಅವರು ಕುರ್ಚಿಯಿಂದ ಎದ್ದು, ಚಪ್ಪಲಿ ಬಿಟ್ಟು, ನಿಂತು ಹೇಳಿದರು. ಒಂದು ಶಬ್ದ ತಪ್ಪಲಿಲ್ಲ. ಕೊನೆಗೆ ಕೈಮುಗಿದರು. ನಾನೂ ಕೈಮುಗಿದೆ. ಅಂದಿನ ದಿನಚರಿಯಲ್ಲಿ, ‘ಇಷ್ಟು ಸ್ಪಷ್ಟವಾಗಿ ತಿಳಿದುಕೊಂಡು ಸಹಿ ಮಾಡಿದವರು ಅಪರೂಪ’ ಎಂದು ಬರೆದಿದ್ದೇನೆ. ಆ ಸಾಲು ಈಗಲೂ ಅಲ್ಲಿದೆ.

ಮತ್ತೆ ಜನವರಿ ಎರಡಕ್ಕೆ ಬರುತ್ತೇನೆ.

ಬಾಗಿಲಲ್ಲಿದ್ದ ಕೋಮಲ ಒಳಗೆ ಬಂದು ಕುಳಿತಳು. “ಬಾಯಾರ, ದೀಪಾವಳಿ ಆದಮ್ಯಾಲ ಒಂದಿನ ಹಿತ್ತಲದಾಗ ಯಾರೋ ಅಳಾಕತ್ತಾರ ಅಂತ ನಾ ಓಡಿ ಹೋದ್ಯಾ. ನೋಡತೀನಿ, ಅತ್ತಿ ಸುಮ್ಮನ ಕುಂತಾರ, ಫೋನ್ ಅಳಾಕತ್ತೈತಿ. ಅದೂ ಅತ್ತಿ ಧ್ವನೀಲೆ. ನನ್ನ ಜೀವ ಹೋದಂಗಾತು. ಏನ್ರಿ ಇದು ಅಂದ್ರ, ನೇಮ ಐತಿ, ಕೇಳಬ್ಯಾಡ ಅಂದ್ರು. ನಮ್ಮನ್ಯಾಗ ನೇಮ ಅಂದಮ್ಯಾಲ ಮುಗೀತಲ್ಲರಿ. ಮಾವ ಅಂತೂ, ಮೂವತ್ತ್ಮೂರ ವರ್ಷದಾಗ ಅಕಿ ನೇಮಕ್ಕ ನಾ ಬಾಯಿ ಹಾಕಿಲ್ಲ ಅಂತ ಎದಿ ಉಬ್ಬಿಸಿ ತಿರಗಾಡತಾರ.”

“ನೇಮ?” ಎಂದೆ. “ಯಾರ ಕೊಟ್ಟಾರ ಅಕ್ಕಾರ, ಈ ನೇಮ?”

ಲಕ್ಷ್ಮಿಬಾಯಿ ನನ್ನ ಮುಖ ನೋಡಿದರು. ಪ್ರಶ್ನೆಯೇ ಅವರಿಗೆ ವಿಚಿತ್ರವಾಗಿ ಕಂಡಿರಬೇಕು.

“ನೀವಲ್ಲೇನ್ರಿ?”

ನಾನು ಪೆನ್ನು ಕೆಳಗಿಟ್ಟೆ.

ಅವರು ಮಗುವಿಗೆ ತಿಳಿಸುವಂತೆ ತಿಳಿಸಿದರು. “ಮಹಾರಾಜರ ಮುಂದ ನಿಂತಾಗ ಅವರು ಅಂದದ್ದನ್ನ ನಾವು ಅನ್ನಬೇಕ್ರಿ, ಒಂದೊಂದ ಮಾತ. ನೀವೂ ಹಂಗ ಅನ್ನಸಿದ್ರಿ. ನಾ ಕೈ ಮುಗದ್ಯಾ, ತಗೊಂಡ್ಯಾ. ಹನ್ನೆರಡ ವಾರದ ನೇಮ.”

“ನಾ ಮುಸಲ್ಮಾನರ ಹೆಣ್ಣಮಗಳು ಅಕ್ಕಾರ. ನಾ ಹೆಂಗ ನಿಮಗ ನೇಮ ಕೊಡಲಿ?”

“ಕೊಟ್ಟವರ ಯಾರಾದರ ಏನ್ರಿ? ತಗೊಂಡಾಕಿ ನಾನಲ್ಲ?”

“ಆದ್ರ ಅದರಾಗ ಊಟದ ಮಾತ ಇರಲಿಲ್ಲಲ್ಲ!”

“ಇರಲಿಲ್ಲರಿ. ಅದು ನಂದು. ಬರೇ ಕೇಳೂದು ಅಂದ್ರ ಮನಸ ತಪ್ಪಿಸಿಗೋತೈತಿ. ಹೊಟ್ಟಿ ಕಟ್ಟಿದರ ತಪ್ಪಸಂಗಿಲ್ಲ. ಪೂರ್ತಿ ಕೇಳಿದ ದಿನ ಒಂದ ಹೊತ್ತ ಉಣ್ಣತೀನಿ. ನಡಬರಕ ಬಂದ ಮಾಡಿದ್ನೆಂದ್ರ ಅದ ಲೆಕ್ಕಕ್ಕಿಲ್ಲ. ಮದಲಿಂದ ಕೇಳಬೇಕು. ಹೊತ್ತ ಮುಣಗೂದರಾಗ ಮುಗೀಲಿಲ್ಲ ಅಂದ್ರ ಅವತ್ತ ನೀರೂ ಇಲ್ಲ.”

ಧ್ವನಿಮುದ್ರಣ ಮೂವತ್ತೆಂಟು ನಿಮಿಷದ್ದು. ಇಪ್ಪತ್ತೈದನೆಯ ನಿಮಿಷದ ಸುಮಾರಿಗೆ ಹಾಡು ಬದಲಾಗುವ ಮಾತು ಬರುತ್ತದೆ. ಹೆಚ್ಚಿನ ದಿನ ಅವರ ಬೆರಳು ಅಲ್ಲಿಯೇ ಫೋನನ್ನು ನಿಲ್ಲಿಸುತ್ತಿತ್ತಂತೆ.

ನಾನು ಮೇಘಾಳನ್ನು ಕರೆದುತಂದೆ. ಇನ್ನೊಮ್ಮೆ ಎಲ್ಲ ಹೇಳಿಸಿದೆ. ಅವಳು ನಿಂತೇ ಕೇಳಿದಳು. ಬಳಿಕ ಕಡತ ತೆರೆದು ಸಂಕಟದ ಸಂಖ್ಯೆಗಳನ್ನು ನೋಡಿದಳು: ತೊಂಬತ್ತು, ತೊಂಬತ್ತೈದು, ತೊಂಬತ್ತೈದು, ತೊಂಬತ್ತು. ಇಳಿಯುವ ಮೊದಲು ಏರುತ್ತದೆಂದು ಅವಳು ಇಷ್ಟು ದಿನ ಕಾದಿದ್ದಳು. ನಮ್ಮ ಹಾಳೆಯಲ್ಲಿ ಸಂಕಟಕ್ಕೆ ಜಾಗವಿತ್ತು, ಹಸಿವಿಗೆ ಇರಲಿಲ್ಲ.

“ಆದರ ನಾ ಪ್ರತಿ ವಾರ ಕೇಳತಿದ್ನಲ್ಲರಿ,” ಎಂದಳು ಮೇಘಾ. ಅವಳ ಧ್ವನಿ ಸಣ್ಣದಾಗಿತ್ತು. “ಇವತ್ತ ಮಾಡೋಣೇನ್ರಿ, ಬ್ಯಾಡಂದ್ರ ಬಿಡೋಣ ಅಂತ. ಪ್ರತಿ ವಾರ ಕೇಳೀನಿ.”

ನಿಜ. ಕಡತದಲ್ಲಿ ಏಳು ಕಡೆ ಅವಳ ಕೈಬರಹದಲ್ಲಿತ್ತು: ‘ಒಪ್ಪಿಗೆಯನ್ನು ಪುನಃ ದೃಢಪಡಿಸಿಕೊಳ್ಳಲಾಗಿದೆ’.

“ಕೇಳತಿದ್ರಿ,” ಎಂದರು ಲಕ್ಷ್ಮಿಬಾಯಿ, ಮೆಚ್ಚಿಗೆಯಿಂದಲೇ. “ಮಹಾರಾಜರೂ ಕೇಳತಾರ್ರಿ. ಆಗತೈತೇನವಾ, ಆಗಂಗಿಲ್ಲಂದ್ರ ಈಗ ಹೇಳ ಅಂತ. ಗಟ್ಟಿ ಅದಾಳೋ ಇಲ್ಲೋ ನೋಡಾಕ ಕೇಳತಾರ. ಅಂಥಾ ವ್ಯಾಳ್ಯಾದಾಗ ಆಗಂಗಿಲ್ಲ ಅಂತ ಯಾರ ಅಂತಾರ?”

ಮೇಘಾ ಕಡತ ಮುಚ್ಚಿದಳು. ನಿಲ್ಲಿಸಲು ಕೊಟ್ಟ ಅವಕಾಶವೇ ಪ್ರತಿ ಗುರುವಾರ ಆ ಹೆಂಗಸನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿತ್ತು. ನಾವು ಎಷ್ಟು ಸರಿಯಾಗಿ ಕೆಲಸ ಮಾಡಿದ್ದೆವೋ ಅಷ್ಟು ಅವರು ಉಪವಾಸವಿದ್ದರು.

“ಸಾಕ್ರಿ. ಇವತ್ತಿಗೆ ನಿಲ್ಲಸೋಣ. ನಾನ ಬ್ಯಾಡ ಅನ್ನಾಕತ್ತೀನಿ,” ಎಂದಳು.

“ನೀವು ಬ್ಯಾಡ ಅಂದ್ರ ಇಲ್ಲಿದು ನಿಲ್ಲತೈತ್ರಿ ಮೇಡಂ. ಮನ್ಯಾಗಿಂದು ಹೆಂಗ ನಿಲ್ಲತೈತಿ? ಇನ್ನ ಐದ ವಾರ ಅಷ್ಟ.” ಅವರು ಕಿಟಕಿಯ ಕಡೆ ನೋಡಿದರು. ಐದು ಗಂಟೆ ಹತ್ತು ನಿಮಿಷ. ಹೊತ್ತು ಮುಳುಗಲು ಇನ್ನೊಂದು ತಾಸಿತ್ತು. “ಬಾಯಾರ, ಒಂದ ಉಪಕಾರ ಮಾಡ್ರಿ. ನಂಗೊಂದ ಖೋಲಿ ಕೊಡ್ರಿ. ಇಲ್ಲೇ ಕೇಳಿ ಮುಗಸತೀನಿ. ಕೋಮಲ ಬುತ್ತಿ ತಂದಾಳ. ಇವತ್ತರ ಉಂಡೇನು.”

ಖೋಲಿ ಕೊಟ್ಟರೆ ಅವರು ಆ ರಸ್ತೆಯ ಮೇಲೆ ಮತ್ತೊಮ್ಮೆ ಮೂವತ್ತೆಂಟು ನಿಮಿಷ ಬಿದ್ದಿರಬೇಕು. ಕೊಡದಿದ್ದರೆ ಎರಡನೆಯ ರಾತ್ರಿಯೂ ನೀರಿಲ್ಲದೆ ಕಳೆಯಬೇಕು. ಕೇಳಿ ಮುಗಿಸಿ ಉಣ್ಣಲು ಹೊತ್ತಿರಬೇಕಾದರೆ ಐದೂ ಇಪ್ಪತ್ತರೊಳಗೆ ತೀರ್ಮಾನವಾಗಬೇಕಿತ್ತು.

ನಾವು ಮೂವರೂ ಹೊರಗಿನ ಪಡಸಾಲೆಗೆ ಬಂದೆವು. “ಅತ್ತಿ ಫೋನ್ ನನ್ನ ಚೀಲದಾಗ ಐತ್ರಿ,” ಎಂದು ಕೋಮಲ ಪಿಸುಗುಟ್ಟಿದಳು. “ಅಳಸಿ ಬಿಡ್ಲ್ಯಾ? ತಾನ ಹೋತು ಅಂತ ಹೇಳೂಣು. ಅವರಿಗೇನ ತಿಳೀತೈತಿ?”

ಮೇಘಾಳ ಕೈ ಅರ್ಧದವರೆಗೆ ಮುಂದೆ ಬಂದಿತ್ತು. ನನ್ನದೂ ಬರುತ್ತಿತ್ತೋ ಏನೋ.

“ಅದ ಅವರ ಧ್ವನಿ, ಅವರ ಫೋನ್,” ಎಂದೆ. “ಅವರನ್ನ ಕೇಳದ ಅದನ್ನೂ ನಾವ ಮಾಡಿದ್ರ, ಇನ್ನ ಉಳದದ್ದೇನವಾ?”

“ಹಂಗಾರ ನೀವ ನೇಮ ಬಿಡಸ್ರಿ. ನೀವ ಕೊಟ್ಟೀರಿ ಅಂತಾರ. ಬಿಡಸೀನಿ ಅಂತ ಒಂದ ಮಾತ ಅಂದ ಬಿಡ್ರಿ, ಹೊತ್ತ ಹೊಂಟೈತಿ!”

ಅದನ್ನು ಹೇಳುವುದು ಸುಲಭವಿತ್ತು. ನನಗಿಲ್ಲದ ಅಧಿಕಾರವನ್ನು ಅವರು ನನಗೆ ಕೊಟ್ಟಿದ್ದರು. ಒಮ್ಮೆ ಬಳಸಿ ಸುಮ್ಮನಾಗಬಹುದಿತ್ತು. ಆದರೆ ನಾನು ಹೇಳಿದ್ದಕ್ಕೆ ನಿಲ್ಲಿಸಿದರೆ, ನಾನು ಹೇಳಿದ್ದಕ್ಕೆ ಸುರು ಮಾಡಿದ್ದಕ್ಕಿಂತ ಅದು ಯಾವ ರೀತಿಯಲ್ಲಿ ಬೇರೆಯಾಗುತ್ತಿತ್ತು ಎಂಬುದು ನನಗೆ ತಿಳಿಯಲಿಲ್ಲ. ಒಳಗೆ ಹೋಗಿ ಕಡತದಿಂದ ಅವರು ಸಹಿ ಮಾಡಿದ ಹಾಳೆಯನ್ನು ತೆಗೆದು ಅವರ ಮುಂದಿಟ್ಟೆ.

“ಖೋಲಿ ಕೇಳೀರಿ, ಕೊಡತೀನಿ ಅಕ್ಕಾರ. ಅದಕ್ಕಿಂತ ಮದಲ ಇದನ್ನೊಂದ ಸಲ ಓದ್ರಿ. ನಾ ಓದಿ ಹೇಳಂಗಿಲ್ಲ. ನೀವ ಓದ್ರಿ, ಮನಸಿನಾಗ.”

“ಓದೀನಲ್ಲರಿ, ಅವತ್ತ.”

“ಓದಿಲ್ಲರಿ. ಅವತ್ತ ನಾ ಓದಿದ್ದೆ.”

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡರು. ತೋರುಬೆರಳನ್ನು ಮೊದಲ ಅಕ್ಷರದ ಕೆಳಗಿಟ್ಟರು. ಬೆರಳು ಬಹಳ ನಿಧಾನವಾಗಿ ಸರಿಯಿತು. ಕೋಮಲ ಗಡಿಯಾರ ನೋಡುತ್ತಿದ್ದಳು. ಒಂದು ಪುಟದ ಹಾಳೆ. ಹತ್ತು ನಿಮಿಷ ಹಿಡಿಯಿತು. ಕೆಳಗಿನ ಸಾಲುಗಳಿಗೆ ಬಂದಾಗ ಬೆರಳು ನಿಂತಿತು, ಹಿಂದೆ ಹೋಯಿತು, ಮತ್ತೆ ಬಂದಿತು.

“ಇದು ನಿಮ್ಮ ಮಾತಲ್ಲೇನ್ರಿ?” ಎಂದರು. “ನಾ ಸಾಕು ಅಂದ ಕೂಡಲೇ ನೀವು ನಿಲ್ಲಸತೀವಿ ಅಂತ ಬರದೀರಿ. ಬ್ಯಾರೆ ದಾರಿ ಹೇಳತೀವಿ ಅಂತ ಬರದೀರಿ. ಇದರಾಗ ಮಾತ ಕೊಟ್ಟವರ ನೀವು. ನಾ ಏನ ಕೊಟ್ಟೀನಿ?”

“ನೀವು ಏನೂ ಕೊಟ್ಟಿಲ್ಲರಿ ಅಕ್ಕಾರ. ನೀವು ಗಟ್ಟಿ ಅದೀರೋ ಇಲ್ಲೋ ನೋಡೂ ಕಾಗದ ಅಲ್ಲ ಅದು. ನೀವು ಸಾಕು ಅಂದಾಗ ನಾವು ನಿಂದರತೀವೋ ಇಲ್ಲೋ, ಅದಷ್ಟ ಅದರಾಗ ಇರೂದು.”

“ಹಂಗಾರ ಮದಲ ಯಾಕ ಹೇಳಲಿಲ್ಲ?”

“ಹೇಳಿದ್ದೆರಿ…”

“ಇಲ್ರಿ!” ಅವರು ಧ್ವನಿಯೇರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ನೀವು ಹೇಳಲಿಲ್ಲ. ನನ್ನ ಬಾಯೀಲೆ ಅನ್ನಸಿದ್ರಿ. ಹೇಳೂದು ಬ್ಯಾರೆ, ಅನ್ನಸೂದು ಬ್ಯಾರೆ.”

ಕೋಮಲ ಕೂಡ ತಲೆ ತಗ್ಗಿಸಿದಳು. ಲಕ್ಷ್ಮಿಬಾಯಿ ಹಾಳೆಯನ್ನು ದೂರ ಸರಿಸಿದರು. ಏಳು ವಾರ ಬೆನ್ನ ಮೇಲೆ ಹೊತ್ತು ತಂದದ್ದನ್ನು ಯಾರೂ ಹೊರಿಸಿರಲಿಲ್ಲವೆಂದು ತಿಳಿದ ಮುಖವದು. ಅದರಲ್ಲಿ ಬಿಡುಗಡೆ ಕಾಣಲಿಲ್ಲ.

“ನಾ ಶೇವಂತಾನ ಏಳ ವಾರ ದಿನಾ ಸಾಯಿಸೀನ್ರಿ,” ಎಂದರು. “ದಿನಾ. ಕೆಲವ ದಿನ ಎರಡೆರಡ ಸಲ. ಅದ ಬೇಕಾಗಿರಲಿಲ್ಲೇನ್ರಿ ಹಂಗಾರ?”

ಮೇಘಾ ಉತ್ತರಿಸಲು ಪ್ರಯತ್ನಿಸಿದಳು. ಬಹಳ ಜನರಿಗೆ ಅದರಿಂದ ಒಳ್ಳೆಯದಾಗಿದೆ, ಅವರಿಗೂ ಆಗಬಹುದೆಂದೇ ನಂಬಿದ್ದೆವು, ಆದರೆ ಬೇಡವೆನ್ನುವ ಹಕ್ಕು ಅವರಿಗೆ ಮೊದಲ ದಿನದಿಂದಲೂ ಇತ್ತು ಎಂದಳು. ಪ್ರತಿಯೊಂದೂ ನಿಜವೇ ಆಗಿತ್ತು. ಹೇಳುತ್ತ ಹೇಳುತ್ತ ಅವಳ ಕಣ್ಣಲ್ಲಿ ನೀರು ಬಂದಿತು. “ತಪ್ಪು ನಂದು,” ಎಂದೆ. ಆ ಎರಡು ಶಬ್ದಗಳು ಆ ಕೋಣೆಯಲ್ಲಿ ಎಷ್ಟು ಸಣ್ಣದಾಗಿ ಕೇಳಿಸಿದವೆಂದು ಈಗಲೂ ನೆನಪಿದೆ.

ಐದೂ ಮುಕ್ಕಾಲು ಆಗುತ್ತ ಬಂದಿತ್ತು. ಕೋಮಲ ಚೀಲದಿಂದ ಬುತ್ತಿಯ ಡಬ್ಬಿ, ಕಾಯಿಸಿ ಆರಿಸಿದ ನೀರಿನ ಬಾಟಲಿ ತೆಗೆದು ಮೇಜಿನ ತುದಿಯಲ್ಲಿಟ್ಟಳು. ಅತ್ತೆಯ ಮುಂದೆ ಸರಿಸಲಿಲ್ಲ. ಲಕ್ಷ್ಮಿಬಾಯಿ ಬಹಳ ಹೊತ್ತು ಅದನ್ನು ನೋಡಿದರು.

“ನೀರ ಕೊಡ,” ಎಂದರು.

ಕುಡಿದರು. ಬಳಿಕ ರೊಟ್ಟಿ ಮುರಿದು ಮಡಕಿಕಾಳಿನ ಪಲ್ಯದಲ್ಲಿ ಅದ್ದಿ ತಿಂದರು. ಮೊದಲ ತುತ್ತು ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮು ಬಂದಿತು.

“ಸಾವಕಾಶ ಉಣ್ರಿ ಅತ್ತಿ, ಹಿಂದೇನ ಟ್ರ್ಯಾಕ್ಟರ್ ಬೆನ್ನ ಹತ್ತಿಲ್ಲ,” ಎಂದುಬಿಟ್ಟಳು ಕೋಮಲ. ಹೇಳಿದ ಮರುಕ್ಷಣವೇ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಮೇಘಾಳ ಮುಖ ನೋಡಿದೆ, ಅವಳು ನನ್ನದು.

ಲಕ್ಷ್ಮಿಬಾಯಿ ತುತ್ತು ನುಂಗಿ ಹೇಳಿದರು: “ಹತ್ತೈತಲ್ಲ ಬೇ. ಒಂದ ವರ್ಷ ಆಗಾಕ ಬಂತು.” ಮತ್ತೆ ರೊಟ್ಟಿ ಮುರಿದರು.

ಅವರು ತಿಂದದ್ದು ಒಂದೂವರೆ ರೊಟ್ಟಿ. ಆರು ಗಂಟೆಗೆ ಐದು ನಿಮಿಷವಿರುವಾಗ ಕೈ ತೊಳೆದರು. ಶನಿವಾರ ನಮ್ಮಲ್ಲಿಗೆ ಬರುವ ವೈದ್ಯರಿಗೆ ಒಮ್ಮೆ ತೋರಿಸಿಕೊಳ್ಳಲು ಒಪ್ಪುವಿರಾ ಎಂದು ಕೇಳಿದೆ. ಏನು ನೋಡುತ್ತಾರೆ, ರಕ್ತ ತೆಗೆಯುತ್ತಾರೆಯೇ, ಎಷ್ಟು ತೆಗೆಯುತ್ತಾರೆ ಎಂದು ವಿಚಾರಿಸಿದರು. ಎಲ್ಲ ಕೇಳಿಕೊಂಡು, ಮನೆಗೆ ಹೋಗಿ ವಿಚಾರ ಮಾಡಿ ಹೇಳುತ್ತೇನೆಂದರು. ಶುಕ್ರವಾರ ತಾವೇ ಫೋನು ಮಾಡಿ, ಬರುತ್ತೇನೆಂದು ತಿಳಿಸಿದರು. ಬಂದರು. ರಕ್ತ ಕೊಟ್ಟರು.

ಜನವರಿ ಹದಿನಾರರಂದು ಮತ್ತೆ ಕೇಂದ್ರಕ್ಕೆ ಬಂದಾಗ ಅವರ ಕೆನ್ನೆ ಸ್ವಲ್ಪ ತುಂಬಿತ್ತು. ಮೇಘಾ ಎರಡು ವಾರ ಸರಿಯಾಗಿ ನಿದ್ದೆ ಮಾಡಿರಲಿಲ್ಲವೆಂದು ನನಗೆ ಗೊತ್ತಿತ್ತು. ಅವಳು ಎದುರಿಗೆ ಕುಳಿತು, ಇರುವ ದಾರಿಗಳನ್ನು ಒಂದೊಂದಾಗಿ ಹೇಳಿದಳು. ಧ್ವನಿಮುದ್ರಣವಿಲ್ಲದ ಇನ್ನೊಂದು ಬಗೆಯ ಮಾತಿನ ಚಿಕಿತ್ಸೆಯಿದೆ. ವೈದ್ಯರು ಕೊಡುವ ಗುಳಿಗೆಗಳಿವೆ. ಏನೂ ಮಾಡದೆ ಇರುವುದೂ ಒಂದು ದಾರಿ. ಕೊನೆಗೆ, ಹೇಳಲೇಬೇಕೆಂದು ಹೇಳುತ್ತಿರುವವಳಂತೆ, ಹಳೆಯದನ್ನೂ ಹೇಳಿದಳು.

“ಐದ ಭೇಟಿ ಉಳದಾವರಿ. ಸರಿಯಾಗಿ ಉಂಡು, ಬೇಕಾದಾಗ ನಿಲ್ಲಸಿ, ಸಾವಕಾಶ ಮಾಡಿದ್ರ ಗುಣ ಆಗೂ ಸಂಭವ ಛಲೋ ಐತಿ. ನಾ ಸುಳ್ಳ ಹೇಳಂಗಿಲ್ಲ, ಗ್ಯಾರಂಟಿ ಇಲ್ಲ. ಆದರ ನಮ್ಮ ಕಡೆ ಇರೂ ಔಷಧದಾಗ ಇದ ಎಲ್ಲಾಕ್ಕಿಂತ ಛಲೋದು.”

“ಎಲ್ಲಾಕ್ಕಿಂತ ಛಲೋದು ಅಂತೀರಿ.”

“ಹೌದ್ರಿ.”

“ಒಲ್ಲೆರಿ,” ಎಂದರು ಲಕ್ಷ್ಮಿಬಾಯಿ.

ಆ ಉತ್ತರವನ್ನು ಅವರ ಬಾಯಿಂದ ಕೇಳಬೇಕೆಂದೇ ನಾವು ಎರಡು ವಾರ ಹಂಬಲಿಸಿದ್ದೆವು. ಬಂದಾಗ ಇಬ್ಬರಿಗೂ ಅದು ಬೇಡವಾಗಿತ್ತು. ಅದರ ಬೆನ್ನಿಗೆ, ಉಳಿದ ದಾರಿಗಳಿಗೂ ಅದೇ ಉತ್ತರ ಬಂದಿತು. ಗುಳಿಗೆ ಒಲ್ಲೆ. ಇನ್ನೊಂದು ಬಗೆಯದೂ ಒಲ್ಲೆ, ಸದ್ಯಕ್ಕೆ.

“ಯಾಕ ಅಂತ ಕೇಳಬಹುದೇನ್ರಿ?”

“ಕೇಳ್ರಿ.”

ಮೇಘಾ ಕಾದಳು. ಲಕ್ಷ್ಮಿಬಾಯಿ ಉತ್ತರ ಕೊಡಲಿಲ್ಲ. ಕೊಡಬೇಕೆಂದು ಅವರಿಗೆ ಅನಿಸಿದಂತೆಯೂ ಕಾಣಲಿಲ್ಲ. ಕೋಮಲ ಬಾಯಿ ತೆರೆದಾಗ ಅವಳ ಮೊಣಕೈ ಹಿಡಿದು ಸುಮ್ಮನಾಗಿಸಿದರು.

ನಮ್ಮ ಕಂಪ್ಯೂಟರಿನಲ್ಲಿದ್ದ ಧ್ವನಿಮುದ್ರಣವನ್ನು ಅಳಿಸಲು ಹೇಳಿದರು. ಮೇಘಾ ಪರದೆಯನ್ನು ಅವರ ಕಡೆ ತಿರುಗಿಸಿ, ಅವರು ನೋಡುತ್ತಿರುವಂತೆಯೇ ಅಳಿಸಿದಳು. “ಫೋನಿನಾಗಿಂದೂ ಅಳಸಲೇನ್ರಿ?” ಎಂದು ಕೈ ಚಾಚಿದಳು.

“ಬ್ಯಾಡ್ರಿ. ಅದು ಇರಲಿ.”

“ಮತ್ತ… ಅದನ್ನ ಕೇಳತೀರೇನ್ರಿ? ಉಪವಾಸ ಇದ್ದ?” ಪ್ರಶ್ನೆ ನನ್ನದು. ಕೇಳಬಾರದಿತ್ತೇನೋ, ಕೇಳದೆ ಇರಲಾಗಲಿಲ್ಲ.

ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. “ಅದನ್ನ ನಿಮಗ ಹೇಳಂಗಿಲ್ಲರಿ ಬಾಯಾರ,” ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಎಮ್ಮೆಗೆ ಹಿಂಡಿ ಹಾಕುವ ಹೊತ್ತಾಯಿತು, ಹೋಗುತ್ತೇನೆ ಎನ್ನುವ ಧ್ವನಿಯಲ್ಲಿ ಹೇಳಿದರು.

ಬಾಗಿಲವರೆಗೆ ಹೋದಾಗ ಮೇಘಾ ಹಿಂದಿನಿಂದ ಕೇಳಿದಳು: “ಒಂದ ತಿಂಗಳ ಬಿಟ್ಟ ನಾ ಒಮ್ಮೆ ಫೋನ್ ಮಾಡ್ಲೇನ್ರಿ? ಹೆಂಗದೀರಿ ಅಂತ ಕೇಳಾಕಷ್ಟ?”

“ಬ್ಯಾಡ್ರಿ ಮೇಡಂ. ಬೇಕಾದರ ನಾನ ಮಾಡತೀನಿ.”

ಇದು ಮಾರ್ಚ್ ಕೊನೆಯ ವಾರ. ಅವರ ಫೋನು ಬಂದಿಲ್ಲ. ಮೊನ್ನೆ ಗುರುವಾರದ ಸಂತೆಯಲ್ಲಿ ಕೋಮಲ ಸಿಕ್ಕಿದ್ದಳು. ಬದನೆಕಾಯಿ ಆರಿಸುತ್ತ ನನ್ನನ್ನು ಕಂಡು ನಕ್ಕಳು, ಎರಡು ಹೆಜ್ಜೆ ಹತ್ತಿರ ಬಂದಳು. ಅತ್ತೆಯ ವಿಷಯ ಅವಳ ನಾಲಗೆಯ ತುದಿಯಲ್ಲಿತ್ತು. ಅವಳು ಹೇಳುವ ಮೊದಲೇ ನಾನು ಬದನೆಕಾಯಿಯ ದರ ಕೇಳಿದೆ. ಅವಳು ಒಂದು ಕ್ಷಣ ನನ್ನನ್ನು ನೋಡಿ, ದರ ಹೇಳಿದಳು.